‘ಒಂದು ಗಂಟೆ ಏನೂ ಆಗಲ್ಲ’: ಮರುಭೂಮಿಯ ನಿಧಾನ ಹಾರರ್ ಮತ್ತು ಎರಡು ಹೋಳಾಗುವ ಪ್ರೇಕ್ಷಕರು

ಮರುಭೂಮಿಯಲ್ಲಿ ದಾರಿ ತಪ್ಪಿದವರ ಕಥೆಯನ್ನು ನಿಧಾನವಾಗಿ ಹೇಳುವ ಹಾರರ್ ಸಿನಿಮಾ ಬಂದಾಗಲೆಲ್ಲ ಪ್ರೇಕ್ಷಕರ ಮಾತು ಎರಡು ದಿಕ್ಕಿಗೆ ಹರಿಯುತ್ತದೆ. ಒಬ್ಬರು ‘ಒಂದು ಗಂಟೆ ಏನೂ ಆಗಲ್ಲ, ಬರೀ ಲ್ಯಾಗು’ ಎಂದು ಹತ್ತಕ್ಕೆ ಎರಡು ಅಂಕ ಕೊಟ್ಟು ಎದ್ದುಹೋಗುತ್ತಾರೆ. ಇನ್ನೊಬ್ಬರು ಅದೇ ಒಂದು ಗಂಟೆಯನ್ನು ಉಸಿರು ಬಿಗಿಹಿಡಿದು ನೋಡಿರುತ್ತಾರೆ. ಅವರವರ ರುಚಿ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ದೂರುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಹೆಚ್ಚಿನವು ಬಂದು ನಿಲ್ಲುವುದು ಲೆಕ್ಕದ ಹತ್ತಿರ. ನೀರು ಎಷ್ಟು ಉಳಿದಿದೆ, ಎಷ್ಟು ದೂರ ಬಂದಿದ್ದಾರೆ, ಕತ್ತಲಾಗಲು ಇನ್ನೆಷ್ಟು ಹೊತ್ತಿದೆ? ಈ ಮೂರನ್ನು ಸಿನಿಮಾ ನಮ್ಮ ಕೈಗೆ ಕೊಟ್ಟಿದ್ದರೆ ನಿಧಾನವೇ ಭಯವಾಗುತ್ತದೆ. ಕೊಡದಿದ್ದರೆ ಅದೇ ನಿಧಾನ ಆಕಳಿಕೆ ತರಿಸುತ್ತದೆ.

ಮೊದಲು ಅಂಕಗಳ ವಿಷಯ ಮುಗಿಸಿಬಿಡೋಣ. ನೂರು ಜನ ನೋಡಿದ ಎರಡು ಸಿನಿಮಾಗಳಿವೆ ಎಂದುಕೊಳ್ಳಿ. ಮೊದಲನೆಯದಕ್ಕೆ 50 ಜನ 5 ಕೊಟ್ಟರು, 50 ಜನ 6 ಕೊಟ್ಟರು. ಎರಡನೆಯದಕ್ಕೆ 50 ಜನ 2 ಕೊಟ್ಟರು, 50 ಜನ 9 ಕೊಟ್ಟರು. ಎರಡರ ಸರಾಸರಿಯೂ 5.5. ಮೊದಲನೆಯದು ಯಾರಿಗೂ ಬೇಡವಾದ, ಯಾರಿಗೂ ಕೆಟ್ಟದೆನಿಸದ ಚಿತ್ರ. ಎರಡನೆಯದನ್ನು ಅರ್ಧ ಜನ ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತಾರೆ. ಸರಾಸರಿ ನೋಡಿ ಸಿನಿಮಾ ಆರಿಸುವವರಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಹಾಗಾಗಿ ನಿಧಾನ ಹಾರರ್ ವಿಷಯದಲ್ಲಿ ಸರಾಸರಿಯನ್ನು ಬದಿಗಿಟ್ಟು, ಯಾವ ಅಂಕವನ್ನು ಎಷ್ಟು ಜನ ಕೊಟ್ಟಿದ್ದಾರೆ ಎನ್ನುವ ಪಟ್ಟಿ ನೋಡಬೇಕು. ವಿಮರ್ಶೆಗಳನ್ನು ಒಟ್ಟುಗೂಡಿಸುವ ಜಾಲತಾಣ ರಾಟನ್ ಟೊಮೇಟೋಸ್‌ನ ಶೇಕಡಾವಾರು ಇನ್ನೂ ಬೇರೆ. ಎಷ್ಟು ಪಾಲು ವಿಮರ್ಶಕರು ಒಟ್ಟಾರೆ ಮೆಚ್ಚಿದ್ದಾರೆ ಎಂಬುದನ್ನಷ್ಟೇ ಅದು ಹೇಳುತ್ತದೆ, ಎಷ್ಟು ಮೆಚ್ಚಿದ್ದಾರೆ ಎಂಬುದನ್ನಲ್ಲ.

ಅಮೆರಿಕದಲ್ಲಿ ಸಿನಿಮಾಸ್ಕೋರ್ ಎಂಬ ಸಂಸ್ಥೆ ಬಿಡುಗಡೆಯ ಮೊದಲ ರಾತ್ರಿಯೇ ಚಿತ್ರಮಂದಿರದಿಂದ ಹೊರಬರುವವರನ್ನು ಕೇಳಿ ಎ ಪ್ಲಸ್‌ನಿಂದ ಎಫ್‌ವರೆಗೆ ದರ್ಜೆ ಕೊಡುತ್ತದೆ. 2016ರಲ್ಲಿ ತೆರೆಕಂಡ ‘ದಿ ವಿಚ್’ಗೆ ಸಿಕ್ಕಿದ್ದು ಸಿ ಮೈನಸ್. 2017ರ ‘ಇಟ್ ಕಮ್ಸ್ ಅಟ್ ನೈಟ್’ಗೆ ಡಿ. 2018ರ ‘ಹೆರೆಡಿಟರಿ’ಗೆ ಡಿ ಪ್ಲಸ್. ಆಸ್ಟ್ರೇಲಿಯಾದ ನಿರ್ಜನ ಒಳನಾಡಿನಲ್ಲಿ ನಡೆಯುವ, ಮೊದಲರ್ಧವೆಲ್ಲ ಪ್ರಯಾಣದಲ್ಲೇ ಕಳೆಯುವ 2005ರ ‘ವುಲ್ಫ್ ಕ್ರೀಕ್’ಗೆ ಎಫ್. ಇವೆಲ್ಲ ಇಂದಿಗೂ ಹಾರರ್ ಪ್ರಿಯರು ಚರ್ಚಿಸುವ ಚಿತ್ರಗಳು. ಮೊದಲ ರಾತ್ರಿ ಬಂದವರು ಟ್ರೇಲರ್ ನೋಡಿ ಬಂದವರು. ಟ್ರೇಲರ್ ಎಂದರೆ ಇಡೀ ಸಿನಿಮಾದ ಕಿರುಚಾಟವನ್ನೆಲ್ಲ ಎರಡು ನಿಮಿಷಕ್ಕೆ ಹಿಂಡಿ ತೆಗೆದ ರಸ. ಅದನ್ನು ಕುಡಿದು ಬಂದವರಿಗೆ ನಿಧಾನದ ಸಿನಿಮಾ ಕೊಟ್ಟರೆ ಸಿಟ್ಟು ಬರುವುದು ಸಹಜ. ಆ ದರ್ಜೆಯ ಒಂದು ದೊಡ್ಡ ಪಾಲು ಪ್ರಚಾರಕ್ಕೆ ಸಲ್ಲಬೇಕಾದದ್ದು.

ಇಪ್ಪತ್ತು ಲೀಟರ್ ನೀರಿನ ಸಸ್ಪೆನ್ಸ್

ಈಗ ನಿಜವಾದ ದೂರಿಗೆ ಬರೋಣ. ಮರುಭೂಮಿಯ ಬದುಕುಳಿಯುವ ಕಥೆಯಲ್ಲಿ ಗಡಿಯಾರ ಎಂದರೆ ನೀರು. ನಾಲ್ಕು ಜನರ ಗುಂಪು, ಕೆಟ್ಟು ನಿಂತ ಗಾಡಿ, ಹತ್ತತ್ತು ಲೀಟರಿನ ಎರಡು ಕ್ಯಾನು ಎಂದುಕೊಳ್ಳಿ. ಬಿಸಿಲಿನ ಮರುಭೂಮಿಯಲ್ಲಿ ಒಬ್ಬರಿಗೆ ದಿನಕ್ಕೆ ಕನಿಷ್ಠ ನಾಲ್ಕು ಲೀಟರ್ ಬೇಕು ಎನ್ನುವುದು ಸಾಮಾನ್ಯವಾಗಿ ಕೊಡುವ ಸಲಹೆ. ನಾಲ್ವರಿಗೆ ದಿನಕ್ಕೆ 16 ಲೀಟರ್ ಆಯಿತು. ಅಂದರೆ ಗಾಡಿಯ ನೆರಳಲ್ಲಿ ಕದಲದೆ ಕುಳಿತರೆ ಇಪ್ಪತ್ತು ಲೀಟರ್ ಒಂದೂಕಾಲು ದಿನಕ್ಕೆ ಬಂತು. ನಡು ಮಧ್ಯಾಹ್ನ ನಡೆಯಲು ಹೊರಟರೆ ಒಬ್ಬೊಬ್ಬರ ಮೈಯಿಂದ ಗಂಟೆಗೆ ಒಂದು ಲೀಟರಿನಷ್ಟು ಬೆವರು ಹೋಗುತ್ತದೆ, ಕೆಲವೊಮ್ಮೆ ಇನ್ನೂ ಹೆಚ್ಚು. ಆಗ ಅದೇ ಇಪ್ಪತ್ತು ಲೀಟರ್ ಐದೇ ಗಂಟೆಯಲ್ಲಿ ಮುಗಿಯಿತು.

ಒಂದೂಕಾಲು ದಿನ, ಇಲ್ಲವೇ ಐದು ಗಂಟೆ. ‘ಇಲ್ಲೇ ಇರೋಣ’ ಎನ್ನುವವನಿಗೂ ‘ನಡೆದುಬಿಡೋಣ’ ಎನ್ನುವವಳಿಗೂ ನಡುವೆ ನಡೆಯುವ ಹತ್ತು ನಿಮಿಷದ ಮಾತುಕತೆ ಈ ಅಂಕಿ ಗೊತ್ತಿದ್ದವರಿಗೆ ಯಾವ ಭೂತಕ್ಕೂ ಕಡಿಮೆಯಿಲ್ಲ. ಗೊತ್ತಿಲ್ಲದವರಿಗೆ ಅದು ಇಬ್ಬರು ಸುಮ್ಮನೆ ಜಗಳವಾಡುವ ದೃಶ್ಯ. ಅಂಕಿಯನ್ನು ಭಾಷಣ ಮಾಡಿ ಹೇಳಬೇಕಿಲ್ಲ. ಕ್ಯಾನಿನ ಬದಿಯ ಅಳತೆಗೆರೆ ಒಮ್ಮೆ ಕಣ್ಣಿಗೆ ಬಿದ್ದರೆ ಸಾಕು. ಆರಂಭದಲ್ಲಿ ಒಬ್ಬಳು ಸೆಕೆ ತಡೆಯಲಾರದೆ ಬಾಟಲಿಯ ನೀರನ್ನು ತಲೆಗೆ ಸುರಿದುಕೊಂಡು ನಗುತ್ತಾಳೆ, ಅರ್ಧ ಲೀಟರ್ ನೆಲದ ಪಾಲಾಗುತ್ತದೆ, ಯಾರೂ ಏನೂ ಅನ್ನುವುದಿಲ್ಲ. ನಲವತ್ತು ನಿಮಿಷದ ನಂತರ ಅದೇ ಬಾಟಲಿಯ ಮುಚ್ಚಳದಲ್ಲಿ ನೀರು ಅಳೆದು ಕೊಡುವಾಗ ಪ್ರೇಕ್ಷಕನ ತಲೆಯೊಳಗೆ ಆ ಅರ್ಧ ಲೀಟರ್ ತಾನಾಗಿಯೇ ಬಂದು ಕೂರುತ್ತದೆ. ನಡುವಿನ ನಲವತ್ತು ನಿಮಿಷ ಎಷ್ಟೇ ನಿಧಾನವಾಗಿರಲಿ, ಆ ಮುಚ್ಚಳದ ಹತ್ತಿರ ಅದಕ್ಕೆಲ್ಲ ಬೆಲೆ ಬರುತ್ತದೆ.

ರಾಚೆಸ್ಟರ್ ವಿಶ್ವವಿದ್ಯಾಲಯದ ಇ. ಎಫ್. ಅಡಾಲ್ಫ್ ಮತ್ತು ಸಂಗಡಿಗರು ಮರುಭೂಮಿಯಲ್ಲಿ ಮನುಷ್ಯದೇಹ ಹೇಗೆ ಸೋಲುತ್ತದೆ ಎಂಬುದನ್ನು ಎರಡನೇ ಮಹಾಯುದ್ಧದ ಕಾಲದಲ್ಲಿ ಅಧ್ಯಯನ ಮಾಡಿ 1947ರಲ್ಲಿ ಪ್ರಕಟಿಸಿದರು. ಅವರ ಲೆಕ್ಕದಲ್ಲಿ, ಹಗಲಿನ ಗರಿಷ್ಠ ತಾಪ 49 ಡಿಗ್ರಿ ಸೆಲ್ಸಿಯಸ್ ಇರುವಲ್ಲಿ ನೀರೇ ಇಲ್ಲದೆ ನೆರಳಲ್ಲಿ ಮಲಗಿದವರು ಬದುಕುವುದು ಸುಮಾರು ಎರಡು ದಿನ. ಕೈಯಲ್ಲಿ ನಾಲ್ಕು ಲೀಟರಿನಷ್ಟು ನೀರಿದ್ದರೆ ಎರಡೂವರೆ ದಿನ. ಈ ಅರ್ಧ ದಿನದ ಮಾತನ್ನು ಚಿತ್ರಕಥೆ ಬರೆಯುವವರು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಕಥೆಯ ನಡುವೆ ಯಾರೋ ಬಿಟ್ಟುಹೋದ ನೀರಿನ ಕ್ಯಾನು ಸಿಕ್ಕಿತೆಂದು ಪಾತ್ರಗಳು ಕುಣಿದಾಡಿ, ಮುಂದಿನ ಮೂರು ದಿನ ಆರಾಮಾಗಿ ಅಲೆದಾಡಿದರೆ ತಿಳಿದವರು ಅಲ್ಲಿಗೇ ಸಿನಿಮಾದ ಕೈಬಿಡುತ್ತಾರೆ.

ಇನ್ನೊಂದು ದೂರು ಮಾತ್ರ ಪ್ರೇಕ್ಷಕರ ಕಡೆಯ ತಪ್ಪು. ‘ಬಾಟಲಿಯಲ್ಲಿ ನೀರಿದ್ದೂ ಕುಡಿಯದೆ ಸತ್ತ, ಲಾಜಿಕ್ ಇಲ್ಲ’ ಎನ್ನುತ್ತಾರೆ. ಲಾಜಿಕ್ ಇದೆ. ನೀರು ಪಕ್ಕದಲ್ಲೇ ಇದ್ದರೂ ಬಿಸಿಲಲ್ಲಿ ದುಡಿಯುವವರು ಕಳೆದುಕೊಂಡಷ್ಟು ಕುಡಿಯುವುದಿಲ್ಲ ಎಂಬುದನ್ನು ಅಡಾಲ್ಫ್ ತಂಡವೇ ಗುರುತಿಸಿತ್ತು. ಬಾಯಾರಿಕೆ ಯಾವಾಗಲೂ ತಡವಾಗಿ ಬರುತ್ತದೆ. ಅದರ ಮೇಲೆ ‘ನೀರು ಉಳಿಸಬೇಕು’ ಎಂಬ ಹಟ ಸೇರಿದರೆ ಬುದ್ಧಿ ಮೊದಲು ಮಂಕಾಗುತ್ತದೆ, ಬಾಟಲಿ ಆಮೇಲೆ ಖಾಲಿಯಾಗುತ್ತದೆ. ಉಳಿಸಬೇಕಾದದ್ದು ಬೆವರನ್ನು. ಬಿಸಿಲಲ್ಲಿ ಕದಲಬಾರದು, ಮೈ ಮುಚ್ಚಿಕೊಂಡಿರಬೇಕು, ನೀರನ್ನು ಉಳಿಸಿಡದೆ ಕುಡಿದುಬಿಡಬೇಕು.

ದೇಹ ಹೇಳುವ ಕಥೆ

ಎಪ್ಪತ್ತು ಕಿಲೋ ತೂಕದ ಮನುಷ್ಯನಿಗೆ ಮೈತೂಕದ ಶೇ. 2ರಷ್ಟು ನೀರು, ಅಂದರೆ 1.4 ಲೀಟರ್, ಕಡಿಮೆಯಾಗುವ ಹೊತ್ತಿಗೆ ಬಾಯಾರಿಕೆ ಚೆನ್ನಾಗಿಯೇ ಹಿಡಿದಿರುತ್ತದೆ. ಶೇ. 5ಕ್ಕೆ, ಅಂದರೆ ಮೂರೂವರೆ ಲೀಟರಿಗೆ, ಸುಸ್ತು, ಸಿಡುಕು, ನಾಡಿಯ ಓಟ. ಶೇ. 10ಕ್ಕೆ ನಾಲಿಗೆ ದಪ್ಪವಾಗಿ ಮಾತು ತೊದಲುತ್ತದೆ, ಕಾಲು ಮಾತು ಕೇಳುವುದಿಲ್ಲ. ಗಂಟೆಗೊಂದು ಲೀಟರ್ ಬೆವರಿನ ಲೆಕ್ಕದಲ್ಲಿ ನೀರು ಕುಡಿಯದೆ ನಡೆದವನು ಏಳು ಗಂಟೆಯಲ್ಲಿ ಅಲ್ಲಿಗೆ ತಲುಪುತ್ತಾನೆ. ಬೆಳಿಗ್ಗೆ ಹೊರಟವನು ಸಂಜೆಯೊಳಗೆ. ಒಳ್ಳೆಯ ಸಿನಿಮಾ ಇದನ್ನು ಮೇಕಪ್ಪಿಗಿಂತ ಮೊದಲು ಸಂಭಾಷಣೆಯಲ್ಲಿ ತೋರಿಸುತ್ತದೆ: ವಾಕ್ಯ ಚಿಕ್ಕದಾಗುತ್ತದೆ, ತಮಾಷೆ ನಿಲ್ಲುತ್ತದೆ, ಕೇಳಿದ್ದನ್ನೇ ಮತ್ತೆ ಕೇಳುತ್ತಾರೆ, ಆಮೇಲೆ ಹೆಸರು ತಪ್ಪುತ್ತದೆ.

ನಟರ ಮುಖದಲ್ಲಿ ಬೆವರು ತೊಟ್ಟಿಕ್ಕುವುದು ತಿಳಿದ ಪ್ರೇಕ್ಷಕರಿಗೆ ತಕ್ಷಣ ಕಣ್ಣಿಗೆ ಹೊಡೆಯುವ ತಪ್ಪು. ಒಣ ಮರುಭೂಮಿಯಲ್ಲಿ ಬೆವರು ಚರ್ಮದ ಮೇಲೆ ನಿಲ್ಲುವುದೇ ಇಲ್ಲ. ಬಂದ ಹಾಗೆಯೇ ಆರಿಹೋಗುತ್ತದೆ. ಒಂದು ಲೀಟರ್ ಬೆವರು ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ, ದೇಹ ತಣ್ಣಗಿರುವುದೇ ಇದರಿಂದ. ತನ್ನಿಂದ ಇಷ್ಟು ನೀರು ಹೋಗುತ್ತಿದೆ ಎಂಬುದು ಆ ಮನುಷ್ಯನಿಗೇ ತಿಳಿಯುವುದಿಲ್ಲ. ಉಳಿಯುವುದು ಅಂಗಿಯ ಬೆನ್ನಿನ ಮೇಲೆ ಉಪ್ಪಿನ ಬಿಳಿ ಗೆರೆ, ಹುಬ್ಬಿನ ಅಂಚಿನಲ್ಲಿ ಉಪ್ಪಿನ ಪುಡಿ. ನೆತ್ತಿಯ ಮೇಲಿನ ಬಿಸಿಲು ಇಳಿದಂತೆಲ್ಲ ಅಂಗಿಯ ಮೇಲಿನ ಆ ಬಿಳಿ ಗೆರೆ ಅಗಲವಾಗುತ್ತಾ ಹೋಗುವುದನ್ನು ಕ್ಯಾಮೆರಾ ಹಿಡಿದರೆ, ಒಂದು ಮಾತೂ ಇಲ್ಲದೆ ಹೊತ್ತು ಸರಿಯಿತು, ನೀರು ಹೋಯಿತು ಎಂದು ಹೇಳಿದಂತಾಯಿತು. ಇಂಥದ್ದನ್ನು ಬಿಟ್ಟು ಮುಖಕ್ಕೆ ಗ್ಲಿಸರಿನ್ ಚಿಮುಕಿಸುತ್ತಾರಲ್ಲ, ಸಂಕಟವಾಗುತ್ತದೆ.

ಪಾಪಾಸುಕಳ್ಳಿಯನ್ನು ಕಡಿದು ನೀರು ಕುಡಿಯುವ ದೃಶ್ಯವೂ ಅಷ್ಟೇ. ಬಹುಪಾಲು ಕಳ್ಳಿಗಳ ತಿರುಳಿನಲ್ಲಿ ಆಕ್ಸಾಲಿಕ್ ಆಮ್ಲ, ಆಲ್ಕಲಾಯ್ಡ್‌ಗಳು ಇರುತ್ತವೆ. ಹೊಟ್ಟೆ ತೊಳಸಿ ವಾಂತಿಯಾದರೆ ಇದ್ದ ನೀರೂ ಹೋಯಿತು. ಮೂತ್ರ ಕುಡಿದರೆ ಅದರಲ್ಲಿನ ಉಪ್ಪನ್ನು ಮತ್ತೆ ಹೊರಹಾಕಲು ದೇಹಕ್ಕೆ ಇನ್ನಷ್ಟು ನೀರು ಬೇಕು.

ಇಲ್ಲಿ ಹಾರರ್ ಬರೆಯುವವರು ಓದಲೇಬೇಕಾದ ಒಂದು ನಿಜವಾದ ದಾಖಲೆಯಿದೆ. 1905ರ ಆಗಸ್ಟ್‌ನಲ್ಲಿ ಡಬ್ಲ್ಯು. ಜೆ. ಮೆಕ್‌ಗೀ ಎಂಬ ವಿಜ್ಞಾನಿ ಅರಿಜೋನಾದ ತಿನಾಹಾಸ್ ಆಲ್ಟಾಸ್ ಎಂಬ ನೀರಿನ ತಾಣದ ಬಳಿ ಬಿಡಾರ ಹೂಡಿದ್ದರು. ಪಾಬ್ಲೋ ವಲೆನ್ಸಿಯಾ ಎಂಬಾತ ಒಂದು ದಿನಕ್ಕಾಗುವಷ್ಟು ನೀರಿನಲ್ಲಿ ಸುಮಾರು ಏಳು ದಿನ ಮರುಭೂಮಿಯಲ್ಲಿ ಕಳೆದು ಅಲ್ಲಿಗೆ ತೆವಳಿಕೊಂಡು ಬಂದ. ಮೊದಲು ಬಂದದ್ದು ಪ್ರಾಣಿಯೊಂದರ ಘರ್ಜನೆಯಂಥ ಸದ್ದು. ಹೋಗಿ ನೋಡಿದರೆ ಮನುಷ್ಯ. ತುಟಿಗಳು ಒಣಗಿ ಹಿಂದೆ ಸರಿದು ಹಲ್ಲು, ಕಪ್ಪಾದ ಒಸಡು ಕಾಣುತ್ತಿದ್ದವು. ರೆಪ್ಪೆ ಮಿಟುಕುತ್ತಿರಲಿಲ್ಲ. ಜೋರು ಸದ್ದಿನ ಹೊರತು ಕಿವಿ ಕೇಳುತ್ತಿರಲಿಲ್ಲ, ಕಣ್ಣಿಗೆ ಬೆಳಕು ಕತ್ತಲೆಯ ಭೇದವಷ್ಟೇ ತಿಳಿಯುತ್ತಿತ್ತು. ಕಲ್ಲು ಮುಳ್ಳು ತಾಗಿ ಮೈಯೆಲ್ಲ ಗಾಯವಾಗಿದ್ದರೂ ರಕ್ತ ಬರುತ್ತಿರಲಿಲ್ಲ. ನೀರು ಕುಡಿಸಿ ಆರೈಕೆ ಮಾಡಿದ ಮೇಲೆ ಆ ಗಾಯಗಳಿಂದ ರಕ್ತ ಒಸರಿತು. ಆತ ಬದುಕಿ ಉಳಿದ. ಮೆಕ್‌ಗೀ ಇದನ್ನು 1906ರಲ್ಲಿ ಪ್ರಕಟಿಸಿ, ಬಾಯಾರಿಕೆಯ ಹಂತಗಳನ್ನು ವಿವರಿಸಿದರು: ಮೊದಲು ಗೊಣಗಾಟ, ಆಮೇಲೆ ಹತ್ತಿ ತುರುಕಿದಂಥ ಬಾಯಿ, ಒಣಗಿ ಮುದುಡಿದ ನಾಲಿಗೆ, ರಕ್ತದ ಬೆವರು, ಕೊನೆಗೆ ಜೀವಂತ ಸಾವು.

ನಿಧಾನ ಹಾರರ್‌ಗೆ ಇದಕ್ಕಿಂತ ಗಟ್ಟಿಯಾದ ಏಣಿ ಬೇರೆ ಬೇಕೇ? ಮೊದಲ ಮೆಟ್ಟಿಲು ಬರೀ ಗೊಣಗಾಟ. ಅದನ್ನೇ ಪ್ರೇಕ್ಷಕರು ‘ಏನೂ ಆಗದ ಭಾಗ’ ಎನ್ನುವುದು. ಏಣಿ ಇದೆ ಎಂಬ ಸುಳಿವು ಸಿಕ್ಕರೆ ಗೊಣಗಾಟದಲ್ಲೂ ಕೊನೆಯ ಮೆಟ್ಟಿಲಿನ ನೆರಳು ಕಾಣುತ್ತದೆ.

ಸುತ್ತಿ ಸುತ್ತಿ ಅದೇ ಬಂಡೆ

‘ಎಷ್ಟು ನಡೆದರೂ ಅದೇ ಬಂಡೆಗೇ ಬರುತ್ತಾರೆ, ಹಳಸಲು ಐಡಿಯಾ’ ಎಂಬ ದೂರಿಗೆ ಉತ್ತರ ಅರ್ಧ ಹೌದು, ಅರ್ಧ ಅಲ್ಲ. 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸಂಶೋಧಕ ಯಾನ್ ಸೌಮನ್ ಮತ್ತು ಸಂಗಡಿಗರು ಜರ್ಮನಿಯ ಕಾಡಿನಲ್ಲಿ, ಟುನೀಶಿಯಾದ ಸಹಾರಾದಲ್ಲಿ ಜನರನ್ನು ನೇರವಾಗಿ ನಡೆಯಲು ಬಿಟ್ಟು ಜಿಪಿಎಸ್‌ನಲ್ಲಿ ಜಾಡು ಹಿಡಿದರು. ಸೂರ್ಯ ಕಾಣುತ್ತಿರುವಷ್ಟು ಹೊತ್ತು ಜನ ಸ್ವಲ್ಪ ವಾಲಿದರೂ ಸುತ್ತು ಹಾಕಲಿಲ್ಲ. ಸಹಾರಾದಲ್ಲಿ ರಾತ್ರಿ ನಡೆದಾತ ಚಂದ್ರ ಕಾಣುವವರೆಗೆ ನೇರ ಹೋಗಿ, ಮರೆಯಾದ ಮೇಲೆ ತಿರುಗಿ ಬಂದ ದಿಕ್ಕಿಗೇ ಹೊರಟ. ಕಣ್ಣಿಗೆ ಬಟ್ಟೆ ಕಟ್ಟಿದವರಂತೂ ಇಪ್ಪತ್ತು ಮೀಟರ್ ವ್ಯಾಸದಷ್ಟು ಚಿಕ್ಕ ಸುತ್ತು ಹಾಕಿದರು, ನೇರವಾಗಿಯೇ ಹೋಗುತ್ತಿದ್ದೇವೆ ಎಂಬ ನಂಬಿಕೆಯಲ್ಲಿ.

ಹಾಗಾದರೆ ಚಂದ್ರನಿಲ್ಲದ ರಾತ್ರಿ ನಡೆದು ಬೆಳಿಗ್ಗೆ ಅದೇ ಬಂಡೆಯ ಮುಂದೆ ನಿಲ್ಲುವುದು ಸಹಜ. ನಡುಹಗಲಿನಲ್ಲಿ ಸೂರ್ಯ ಕಾಣುತ್ತಿರುವಾಗ ಹಾಗೆ ಆದರೆ ಅಲ್ಲಿ ಬೇರೇನೋ ಇದೆ ಎಂದರ್ಥ. ಜಾಣ ನಿರ್ದೇಶಕ ಮೊದಲ ಸುತ್ತನ್ನು ರಾತ್ರಿಗೆ ಇಟ್ಟು ನಮ್ಮಿಂದ ‘ಕತ್ತಲಲ್ಲವೇ, ತಪ್ಪಿರುತ್ತಾರೆ’ ಎಂಬ ಸಮಾಧಾನ ಹೇಳಿಸಿ, ಎರಡನೆಯದನ್ನು ಹಗಲಿಗೆ ತರುತ್ತಾನೆ. ಸಮಾಧಾನ ಕಿತ್ತುಹೋಗುವುದು ಅಲ್ಲಿ. ಎರಡನ್ನೂ ಮಧ್ಯಾಹ್ನವೇ ತೋರಿಸುವ ಸಿನಿಮಾ ತನ್ನ ತುರುಪಿನ ಎಲೆಯನ್ನು ಮೊದಲೇ ಎಸೆದುಬಿಟ್ಟಿರುತ್ತದೆ, ಅದಕ್ಕೇ ಅದು ಹಳಸಲು ಅನಿಸುವುದು.

ಕೇಳಿಸದ ಸದ್ದು, ಕಾಣಿಸದ ಕತ್ತಲು

ಮರುಭೂಮಿಯ ಹಾರರ್‌ನ ಮುಕ್ಕಾಲು ಪಾಲು ಸದ್ದಿನಲ್ಲಿರುತ್ತದೆ. ಹಗಲು ನೆಲದ ಹತ್ತಿರದ ಬಿಸಿಗಾಳಿ ಸದ್ದನ್ನು ಮೇಲಕ್ಕೆ ಬಾಗಿಸುತ್ತದೆ. ರಾತ್ರಿ ನೆಲ ಬೇಗ ತಣಿದು ಕೆಳಗೆ ತಂಪು, ಮೇಲೆ ಬೆಚ್ಚಗೆ ಆದಾಗ ಅದೇ ಸದ್ದು ನೆಲದತ್ತ ಬಾಗಿ ಬಹುದೂರ ಹರಿಯುತ್ತದೆ. ಹಗಲು ಸತ್ತಂತಿದ್ದ ಬಯಲು ರಾತ್ರಿ ಪಕ್ಕದಲ್ಲೇ ಮಾತಾಡಿದಂತೆ ಅನಿಸುವುದಕ್ಕೆ ಇದೇ ಕಾರಣ. ಇದರ ಜೊತೆಗೆ ಗುನುಗುವ ಮರಳುದಿಬ್ಬಗಳು. ಅಮೆರಿಕದ ಮೊಹಾವಿ ಮರುಭೂಮಿಯ ಕೆಲ್ಸೋ ದಿಬ್ಬಗಳಂಥ ಕಡೆ ಒಣ ಮರಳು ಜಾರಿದಾಗ ಸುಮಾರು 70ರಿಂದ 105 ಹರ್ಟ್ಸ್‌ನ, ದೂರದ ವಿಮಾನದಂಥ ಮೊರೆತ ಹೊರಡುತ್ತದೆ. ಚೀನಾದ ಲೋಪ್ ಮರುಭೂಮಿಯಲ್ಲಿ ಹಿಂದೆ ಉಳಿದ ಪ್ರಯಾಣಿಕರನ್ನು ಪಿಶಾಚಿಗಳು ಹೆಸರು ಹಿಡಿದು ಕರೆಯುತ್ತವೆ, ನಗಾರಿಯ ಸದ್ದು ಕೇಳುತ್ತದೆ ಎಂದು ಮಾರ್ಕೊ ಪೋಲೊ ಹೇಳಿದ್ದ.

ಈಗ ಮನೆಯ ಟಿವಿಗೆ ಬನ್ನಿ. ತೆಳ್ಳನೆಯ ಟಿವಿಯ ಒಳ ಸ್ಪೀಕರು 100 ಹರ್ಟ್ಸ್‌ಗಿಂತ ಕೆಳಗೆ ಹೆಚ್ಚುಕಡಿಮೆ ಮೂಕ. ಮರುಭೂಮಿಯ ಆ ಮೊರೆತ ಬರುವುದು ಬಹುಪಾಲು ಅಲ್ಲೇ. ಚಿತ್ರಮಂದಿರದಲ್ಲಿ ಹೊಟ್ಟೆ ನಡುಗಿಸಿದ ದೃಶ್ಯ ಮನೆಯಲ್ಲಿ ಬರೀ ಖಾಲಿ ಬಯಲಿನ ಚಿತ್ರ. ‘ಏನೂ ಆಗಲ್ಲ’ ಎನ್ನುವವರಲ್ಲಿ ಒಂದಷ್ಟು ಜನರ ಪಾಲಿಗೆ ಅದು ಅಕ್ಷರಶಃ ನಿಜ, ಆಗಿದ್ದು ಅವರ ಕಿವಿಗೆ ತಲುಪಿಲ್ಲ. ಟಿವಿಯಲ್ಲಿ ‘ನೈಟ್ ಮೋಡ್’ ಅಥವಾ ವಾಲ್ಯೂಮ್ ಸಮ ಮಾಡುವ ಆಯ್ಕೆ ಆನ್ ಆಗಿದ್ದರೆ ಇನ್ನೂ ಕಷ್ಟ: ಮೌನವನ್ನು ಏರಿಸಿ, ಅಬ್ಬರವನ್ನು ಇಳಿಸಿ ಎರಡನ್ನೂ ಒಂದೇ ಮಟ್ಟಕ್ಕೆ ತರುತ್ತದೆ. ಅದನ್ನು ಆಫ್ ಮಾಡಿ, ಹೆಡ್‌ಫೋನ್ ಹಾಕಿ ನೋಡಿದರೆ ಅದೇ ಸಿನಿಮಾ ಬೇರೆಯಾಗುತ್ತದೆ.

ರಾಬಿ ಬ್ಯಾನ್‌ಫಿಚ್ ಬರೆದು, ನಿರ್ದೇಶಿಸಿ, ತಾನೇ ಮುಖ್ಯ ಪಾತ್ರ ಮಾಡಿದ ‘ದಿ ಔಟ್‌ವಾಟರ್ಸ್’ ಇದಕ್ಕೆ ಒಳ್ಳೆಯ ಉದಾಹರಣೆ. ಮ್ಯೂಸಿಕ್ ವಿಡಿಯೋ ಚಿತ್ರಿಸಲು ಮೊಹಾವಿಗೆ ಹೋದ ನಾಲ್ವರ ಕಥೆ, ಸಿಕ್ಕ ಮೂರು ಮೆಮೊರಿ ಕಾರ್ಡುಗಳ ರೂಪದಲ್ಲಿದೆ. ಮೊದಲ ಭಾಗ ಊರು, ಪ್ರಯಾಣ, ಹಾಡು, ರಾತ್ರಿ ಕೇಳುವ ದೊಡ್ಡ ಸದ್ದುಗಳು. ಆಮೇಲೆ ಬಹುಪಾಲು ಕಗ್ಗತ್ತಲು, ಅದರಲ್ಲಿ ಟಾರ್ಚಿನ ಒಂದು ಪುಟ್ಟ ವೃತ್ತ. ಸಾಮಾನ್ಯ 8 ಬಿಟ್ ವಿಡಿಯೋದಲ್ಲಿ ಕಪ್ಪಿನಿಂದ ಬಿಳಿಗೆ ಸುಮಾರು 220 ಮೆಟ್ಟಿಲು. ಇಂಥ ದೃಶ್ಯ ಇಡಿಯಾಗಿ ಕೆಳಗಿನ ಕೆಲವೇ ಮೆಟ್ಟಿಲುಗಳಲ್ಲಿ ನಿಂತಿರುತ್ತದೆ, ಡೇಟಾ ಉಳಿಸಲು ಸ್ಟ್ರೀಮಿಂಗ್‌ನವರು ಮೊದಲು ಕತ್ತರಿ ಹಾಕುವುದೂ ಅಲ್ಲೇ. ಹೀಗಾಗಿ ನಯವಾದ ಕತ್ತಲಿನ ಜಾಗದಲ್ಲಿ ಬೂದು ಚೌಕಗಳು ಕುಣಿಯುತ್ತವೆ. ಕೋಣೆಯ ದೀಪ ಉರಿಯುತ್ತಿದ್ದರೆ ಅದೂ ಇಲ್ಲ. ‘ಏನೂ ಕಾಣಲಿಲ್ಲ’ ಎಂದು ಬೈದವರನ್ನು ‘ನಿಮಗೆ ಕಲೆ ಗೊತ್ತಿಲ್ಲ’ ಎಂದು ಹೀಯಾಳಿಸುವ ಅಭಿಮಾನಿಗಳು ಮೊದಲು ದೀಪ ಆರಿಸಲು ಹೇಳಲಿ. ಹಾಗೆಂದು ಆ ಚಿತ್ರದ ಮೇಲಿನ ಎಲ್ಲ ದೂರೂ ಟಿವಿಯ ತಪ್ಪಲ್ಲ. ಅಷ್ಟು ಹೊತ್ತು ಇಷ್ಟೇ ಬೆಳಕಿನಲ್ಲಿ ಇಟ್ಟರೆ ಯಾರು ಎಲ್ಲಿದ್ದಾರೆ ಎಂಬ ಹಿಡಿತ ಪ್ರೇಕ್ಷಕನಿಗೆ ತಪ್ಪುತ್ತದೆ, ಹಿಡಿತ ತಪ್ಪಿದ ಮೇಲೆ ಭಯವೂ ಸಡಿಲವಾಗುತ್ತದೆ.

ಕೊನೆಯ ಹತ್ತು ನಿಮಿಷ

ಜಗಳ ಹೆಚ್ಚಾಗುವುದು ಅಂತ್ಯದ ಬಗ್ಗೆ. ಕಂಡದ್ದು ದೆವ್ವವೋ, ಬಿಸಿಲಿಗೆ ಕೆಟ್ಟ ಮಿದುಳಿನ ಭ್ರಮೆಯೋ? ದೇಹದ ಒಳತಾಪ 40 ಡಿಗ್ರಿ ದಾಟಿ ಮಿದುಳು ಗೊಂದಲಕ್ಕೆ ಬಿದ್ದರೆ ಅದನ್ನು ಹೀಟ್ ಸ್ಟ್ರೋಕ್ ಎನ್ನುತ್ತಾರೆ. ಭ್ರಮೆ, ಬಡಬಡಿಕೆ ಅದರ ಭಾಗವೇ. ಆದ್ದರಿಂದ ಎರಡೂ ಅರ್ಥ ಉಳಿಸುವುದು ಈ ಪ್ರಕಾರಕ್ಕೆ ಸಲ್ಲುವ ಹಕ್ಕು. ಆದರೆ ಹಕ್ಕಿಗೆ ಒಂದು ಕರಾರಿದೆ. ಯಾರು ಎಷ್ಟು ನೀರು ಕುಡಿದಿದ್ದಾರೆ ಎಂಬುದು ನಮಗೆ ಗೊತ್ತಿರಬೇಕು. ಒಂದು ದಿನ ಹನಿ ನೀರಿಲ್ಲದವನಿಗೆ ದಿಬ್ಬದ ಮೇಲೆ ಆಕೃತಿ ಕಂಡರೆ ಅದು ಎರಡು ಅರ್ಥಕ್ಕೂ ತೆರೆದಿದೆ. ಹತ್ತು ನಿಮಿಷದ ಹಿಂದೆ ಹೊಟ್ಟೆ ತುಂಬ ಕುಡಿದು ನೆರಳಲ್ಲಿ ಮಲಗಿದ್ದವಳಿಗೂ ಅದೇ ಆಕೃತಿ ಕಂಡರೆ, ಭ್ರಮೆ ಎಂಬ ಬಾಗಿಲು ಮುಚ್ಚಿತು. ಇದನ್ನು ಬೇಕೆಂದೇ ಮಾಡಿದರೆ ಮೈ ಜುಮ್ಮೆನ್ನುತ್ತದೆ. ಲೆಕ್ಕ ಮರೆತು ಮಾಡಿದರೆ ‘ಅಂತ್ಯ ಅರ್ಥವಾಗಲಿಲ್ಲ’ ಎಂಬ ದೂರು ಬರುತ್ತದೆ, ಮತ್ತು ಆ ದೂರು ನ್ಯಾಯವಾದದ್ದು.

ಹಾಗಾಗಿ ಮುಂದಿನ ಸಲ ಯಾರಾದರೂ ಇಂಥ ಸಿನಿಮಾವನ್ನು ಬೈದದ್ದು ಕೇಳಿದರೆ ಒಂದು ಪ್ರಶ್ನೆ ಕೇಳಿ ನೋಡಿ: ‘ಅರ್ಧ ಸಿನಿಮಾ ಆಗುವ ಹೊತ್ತಿಗೆ ಅವರ ಹತ್ತಿರ ಎಷ್ಟು ನೀರಿತ್ತು?’ ‘ಒಂದೂವರೆ ಬಾಟಲಿ, ಅದರಲ್ಲಿ ಒಂದು ಸೋರುತ್ತಿತ್ತು’ ಎಂದು ಉತ್ತರ ಬಂದರೆ ಸಿನಿಮಾ ತನ್ನ ಕೆಲಸ ಮಾಡಿದೆ, ಅವರಿಗೆ ಈ ಬಗೆ ಹಿಡಿಸಿಲ್ಲ ಅಷ್ಟೇ. ನೀವು ಟಿಕೆಟ್ ತೆಗೆದುಕೊಳ್ಳಬಹುದು. ಮೆಚ್ಚಿದವರಿಗೂ ಇದೇ ಪ್ರಶ್ನೆ ಹಾಕಿ. ಅವರೂ ತಡವರಿಸಿದರೆ ಅವರು ಮೆಚ್ಚಿದ್ದು ಬಹುಶಃ ಸೂರ್ಯಾಸ್ತದ ಶಾಟ್‌ಗಳನ್ನು.